ಇಡೀ ಮನೆತನವನ್ನು ನೋಡುವ ಕಣ್ಣಿನ ವೈದ್ಯರು

(ಗೊಟಗೋಡಿಯ ಉಚಿತ ನೇತ್ರ ತಪಾಸಣಾ ಶಿಬಿರದಲ್ಲಿ ಅಕ್ಷಿಪಟಲ ತಜ್ಞರೊಬ್ಬರು ನೀಡಿದ ಉಪನ್ಯಾಸದ ಬರಹರೂಪ. ರೋಗಿಗಳಿಗೂ ಅವರ ಮನೆಯವರಿಗೂ ಉಪಯೋಗವಾಗಲೆಂದು ಇಲ್ಲಿ ಕೊಡಲಾಗಿದೆ.)

 

ಬೆಳಗಿನಿಂದ ಇಲ್ಲಿ ಕಣ್ಣು ತೋರಿಸಿಕೊಂಡವರಲ್ಲಿ ಹೆಚ್ಚಿನವರು ಪೊರೆ ಬಂದವರು. ಅವರಿಗೆ ನಾವು ಧೈರ್ಯದಿಂದ ಹೇಳುತ್ತೇವೆ: ಶಸ್ತ್ರಚಿಕಿತ್ಸೆ ಮಾಡುತ್ತೇವೆ, ಮರುದಿನ ಪಟ್ಟಿ ಬಿಚ್ಚುತ್ತೇವೆ, ಮೊಮ್ಮಕ್ಕಳ ಮುಖ ನೋಡುವಿರಂತೆ ಎಂದು. ಆದರೆ ಪ್ರತಿಯೊಂದು ಶಿಬಿರದಲ್ಲೂ ಇಬ್ಬರು ಮೂವರು ಬೇರೆ ತರಹದವರು ಬರುತ್ತಾರೆ. ಹೆಚ್ಚಾಗಿ ಹರೆಯದವರು. ಬ್ಯಾಟರಿ ಹಾಕಿ ನೋಡಿದರೆ ಕಣ್ಣು ತಿಳಿಯಾಗಿದೆ. ಗೋಡೆಯ ಮೇಲಿನ ಅಕ್ಷರವನ್ನೂ ಓದುತ್ತಾರೆ. "ಮತ್ತೇನು ತೊಂದರೆ?" ಎಂದರೆ, "ಹೊತ್ತು ಮುಳುಗಿದ ಮ್ಯಾಲೆ ದಾರಿ ಕಾಣಂಗಿಲ್ರಿ. ಕಾಲಾಗ ಇದ್ದ ತಂಬಿಗಿ ಕಾಣದ ಒದ್ದುಬಿಡ್ತೀನ್ರಿ" ಎನ್ನುತ್ತಾರೆ. ಇವರಿಗೆ ಬೇಕಾದ ವೈದ್ಯರೇ ಬೇರೆ. ಅಂಥ ವೈದ್ಯರು ಯಾರು, ಅವರ ವೃತ್ತಿ ಎಂಥದು, ಅವರಿಂದ ನಿಮಗೆ ಏನು ಸಿಗುತ್ತದೆ ಎಂಬುದನ್ನು ಇಂದು ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮ ನಾಡು ಕಂಡ ಕಣ್ಣಿನ ವೈದ್ಯರು

ಕಣ್ಣಿನ ಡಾಕ್ಟರು ಎಂದರೆ ನಮ್ಮ ಹಿರಿಯರಿಗೆ ನೆನಪಾಗುವ ಹೆಸರು ಡಾ. ಎಂ. ಸಿ. ಮೋದಿಯವರದು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಮುರಿಗೆಪ್ಪ ಚೆನ್ನವೀರಪ್ಪ ಮೋದಿಯವರು ಊರೂರು ತಿರುಗಿ, ಶಾಲೆ, ಛತ್ರ, ಮಠಗಳಲ್ಲಿ ಶಿಬಿರ ಹೂಡಿ, ಸಾಲಾಗಿ ಮಲಗಿಸಿದ ಬಡವರ ಪೊರೆ ತೆಗೆದರು. ಅವರ ಕೈಯಿಂದ ಆದ ಶಸ್ತ್ರಚಿಕಿತ್ಸೆಗಳ ಲೆಕ್ಕ ಲಕ್ಷಗಳಲ್ಲಿದೆ. 1968ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ಅವರು ಲಿಂಗೈಕ್ಯರಾದರು. ಒಬ್ಬ ವೈದ್ಯ, ಒಂದು ಚಾಕು, ಒಂದು ದಿನ, ನೂರಾರು ಕಣ್ಣು. ಆ ವೃತ್ತಿಯ ಸೊಗಸೇ ಅದು. ಮುಂಜಾನೆ ಕತ್ತಲಲ್ಲಿದ್ದವನು ಮರುದಿನ ಬೆಳಕಿನಲ್ಲಿ ಮನೆಗೆ ಹೋಗುತ್ತಾನೆ.

ಅಕ್ಷಿಪಟಲದ ವಂಶಪಾರಂಪರ್ಯ ರೋಗ ನೋಡುವ ವೈದ್ಯರ ಬಾಳು ಇದಕ್ಕೆ ತೀರ ತಿರುಗಾಮುರುಗಾ. ಅವರ ಬಳಿ ಬಂದವನು ಮರುದಿನ ನೋಡುತ್ತಾ ಹೋಗುವುದಿಲ್ಲ. ಅವನನ್ನು ಇಪ್ಪತ್ತು ಮೂವತ್ತು ವರ್ಷ ನೋಡಬೇಕು. ಅವನೊಬ್ಬನನ್ನೇ ನೋಡಿದರೆ ಸಾಲದು, ಅವನ ಅಣ್ಣ ತಮ್ಮಂದಿರು, ಕೊಟ್ಟ ಹೆಣ್ಣುಮಕ್ಕಳು, ಸೋದರಮಾವ, ಎಲ್ಲರನ್ನೂ ನೋಡಬೇಕು. "ಔಷಧ ಇಲ್ಲ" ಎಂದು ಹೇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅಲ್ಲಿಂದಲೇ ಅವರ ಕೆಲಸ ಶುರುವಾಗುತ್ತದೆ.

ಕಣ್ಣಿನ ಹಿಂದಿನ ಪರದೆ

ನಮ್ಮ ಕಣ್ಣು ಹಳೆಯ ರೀಲಿನ ಕ್ಯಾಮೆರಾ ಇದ್ದ ಹಾಗೆ. ಮುಂದೆ ಗಾಜು, ಹಿಂದೆ ರೀಲು. ಪೊರೆ ಬರುವುದು ಗಾಜಿಗೆ. ಗಾಜು ಬದಲಿಸಬಹುದು. ಹಿಂದಿನ ರೀಲೇ ಅಕ್ಷಿಪಟಲ, ಅಂದರೆ ರೆಟಿನಾ. ಅದರಲ್ಲಿ ಎರಡು ತರಹದ ಕಣಗಳಿವೆ. ಸುಮಾರು 12 ಕೋಟಿ ಕಣಗಳು ಕೋಲಿನ ಆಕಾರದವು. ಮಬ್ಬು ಬೆಳಕಿನಲ್ಲಿ ಕಾಣಿಸುವುದು, ಬದಿಯಿಂದ ಬರುವ ಎತ್ತು, ಬಂಡಿ, ಮನುಷ್ಯರ ಸುಳಿವು ಕೊಡುವುದು ಅವುಗಳ ಕೆಲಸ. ಸುಮಾರು 60 ಲಕ್ಷ ಕಣಗಳು ಶಂಕುವಿನ ಆಕಾರದವು. ಅಕ್ಷರ ಓದಲು, ಮುಖ ಗುರುತಿಸಲು, ಬಣ್ಣ ತಿಳಿಯಲು ಅವು ಬೇಕು.

ಈ ಕಣಗಳು ಬದುಕಿರಲು ಬೇಕಾದ ಆಜ್ಞೆ ನಮ್ಮ ಪ್ರತಿಯೊಂದು ಜೀವಕೋಶದಲ್ಲಿ ಬರೆದಿದೆ. ಅದನ್ನೇ ವಂಶವಾಹಿ ಅಥವಾ ಜೀನ್ ಎನ್ನುತ್ತೇವೆ. ಅದರಲ್ಲಿ ಒಂದಕ್ಷರ ತಪ್ಪಿದರೂ ಕೆಲವೊಮ್ಮೆ ಕೋಲಿನ ಕಣಗಳು ನಿಧಾನವಾಗಿ ಸಾಯತೊಡಗುತ್ತವೆ. ಮೊದಲು ಇರುಳು ಕಾಣುವುದಿಲ್ಲ. ಆಮೇಲೆ ಬದಿಯ ನೋಟ ಹೋಗುತ್ತದೆ. ಕೊನೆಗೆ ಒಲೆಯ ಊದುಗೊಳವೆಯ ತೂತಿನಿಂದ ನೋಡಿದ ಹಾಗೆ ನಡುವಿನಷ್ಟೇ ಉಳಿಯುತ್ತದೆ. ಈ ರೋಗಕ್ಕೆ ರೆಟಿನೈಟಿಸ್ ಪಿಗ್ಮೆಂಟೋಸಾ, ಚಿಕ್ಕದಾಗಿ ಆರ್.ಪಿ. ಎಂದು ಹೆಸರು. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಇದೆ ಎಂದು ಲೆಕ್ಕ. ನಮ್ಮ ದೇಶದ ಕೆಲವು ಹಳ್ಳಿಗಳ ಸಮೀಕ್ಷೆಗಳಲ್ಲಿ ಅದಕ್ಕಿಂತ ಹೆಚ್ಚು ಕಂಡಿದೆ.

ಒಂದು ಮಾತು ಮರೆಯಬೇಡಿ. ಇರುಳುಗುರುಡೆಲ್ಲ ಈ ರೋಗವಲ್ಲ. ಮಕ್ಕಳಿಗೆ ಎ ಜೀವಸತ್ವ ಕಡಿಮೆಯಾದರೂ ಇರುಳು ಕಾಣುವುದಿಲ್ಲ. ಅದು ಔಷಧದಿಂದ ವಾಸಿಯಾಗುತ್ತದೆ, ತಡ ಮಾಡಿದರೆ ಕಣ್ಣೇ ಹೋಗುತ್ತದೆ. ಆದ್ದರಿಂದ ಮೊದಲು ವೈದ್ಯರಿಂದ ಇದು ಯಾವುದೆಂದು ತಿಳಿಯಬೇಕು.

ನೋಡಲು ಕಲಿತ ಕಥೆ

ಬದುಕಿರುವ ಮನುಷ್ಯನ ಕಣ್ಣಿನ ಹಿಂದಿನ ಪರದೆಯನ್ನು ವೈದ್ಯರು ಕಾಣತೊಡಗಿದ್ದು 1851ರಿಂದ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಅದನ್ನು ನೋಡುವ ಉಪಕರಣವನ್ನು ಆ ವರ್ಷ ಜಗತ್ತಿಗೆ ತಿಳಿಸಿದ. ಮುಂದಿನ ಕೆಲವೇ ವರ್ಷಗಳಲ್ಲಿ ಹಾಲೆಂಡಿನ ಡೋಂಡರ್ಸ್ ಎಂಬ ವೈದ್ಯ ಪರದೆಯ ಮೇಲೆ ಚದುರಿದ ಕಪ್ಪು ಕಲೆಗಳ ಈ ರೋಗಕ್ಕೆ ಹೆಸರಿಟ್ಟ. ಹೆಸರು ಬಂತು, ಆದರೆ ನೂರು ವರ್ಷ ಅದಕ್ಕಿಂತ ಮುಂದೆ ಹೆಚ್ಚೇನೂ ಆಗಲಿಲ್ಲ. ಇಂಥ ರೋಗಿಗಳಿಗೆ ಎಲ್ಲ ದೇಶದ ವೈದ್ಯರೂ ಒಂದೇ ಮಾತು ಹೇಳಿ ಕಳಿಸುತ್ತಿದ್ದರು: ಮಾಡುವಂಥದ್ದೇನೂ ಇಲ್ಲ.

ಅಮೆರಿಕದ ಬಾಸ್ಟನ್ ನಗರದ ಡಾ. ಎಲಿಯಟ್ ಬರ್ಸನ್ ಎಂಬವರು ಈ ಮಾತನ್ನು ಒಪ್ಪಲಿಲ್ಲ. ಇಡೀ ವೃತ್ತಿಜೀವನವನ್ನು ಈ ಒಂದೇ ಬಗೆಯ ರೋಗಗಳಿಗೆ ಕೊಟ್ಟವರು ಅವರು. ಗುಣಪಡಿಸಲು ಬಾರದಿದ್ದರೆ ಅಳೆಯೋಣ ಎಂದು ಹೊರಟರು. ಹೃದಯಕ್ಕೆ ಇ.ಸಿ.ಜಿ. ಇದ್ದ ಹಾಗೆ ಅಕ್ಷಿಪಟಲಕ್ಕೆ ಇ.ಆರ್.ಜಿ. ಎಂಬ ಪರೀಕ್ಷೆ ಇದೆ. ರೋಗಿಯನ್ನು ಸ್ವಲ್ಪ ಹೊತ್ತು ಕತ್ತಲಲ್ಲಿ ಕೂರಿಸಿ, ಆಮೇಲೆ ಕಣ್ಣಿಗೆ ಮಿಂಚಿನಂಥ ಬೆಳಕು ತೋರಿಸಿ, ಪರದೆಯಿಂದ ಹೊರಡುವ ಸಣ್ಣ ವಿದ್ಯುತ್ತನ್ನು ಅಳೆಯುತ್ತಾರೆ. ಕೊರೆಯುವುದಿಲ್ಲ, ಕೊಯ್ಯುವುದಿಲ್ಲ. ಬರ್ಸನ್‌ರು ರೋಗಿಯ ಜೊತೆಗೆ ಅವನ ಮಕ್ಕಳನ್ನೂ ಒಡಹುಟ್ಟಿದವರನ್ನೂ ಕರೆಸಿ ಅಳೆದರು. ಕಣ್ಣಲ್ಲಿ ಒಂದು ಕಲೆಯೂ ಮೂಡುವ ಮೊದಲೇ, ರೋಗ ಯಾರಿಗೆ ಬರಲಿದೆ ಎಂಬುದು ಈ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ ಎಂದು ತೋರಿಸಿದರು. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದು. ಅಂಥ ಮನೆಯ ಮಗುವಿಗೆ ಆರು ವರ್ಷದ ಮೇಲೆ ಈ ಪರೀಕ್ಷೆ ಸರಿಯಾಗಿ ಬಂದರೆ, ಸಾಮಾನ್ಯ ಬಗೆಯ ಆರ್.ಪಿ. ಮುಂದೆ ಬರುವ ಭಯ ಬಹಳ ಕಡಿಮೆ ಎಂದೂ ಅವರ ಲೆಕ್ಕ ಹೇಳಿತು. ಎಷ್ಟು ತಾಯಂದಿರ ಎದೆಯ ಭಾರ ಇಳಿದಿರಬೇಕು!

1974ರಲ್ಲಿ ಬಾಸ್ಟನ್ನಿನಲ್ಲಿ ಈ ರೋಗಗಳಿಗೆಂದೇ ಅವರ ಪ್ರಯೋಗಶಾಲೆ ತೆರೆಯಿತು. ಅದಕ್ಕೆ ನೆರವಾದವರಲ್ಲಿ ಗಾರ್ಡನ್ ಗಂಡ್ ಎಂಬ ಉದ್ಯಮಿ ಒಬ್ಬರು. ಅವರೇ ಇದೇ ರೋಗದಿಂದ ಹರೆಯದಲ್ಲಿ ಕಣ್ಣು ಕಳೆದುಕೊಂಡವರು. ವರ್ಷ ವರ್ಷ ಬಂದ ರೋಗಿಗಳ ಲೆಕ್ಕ, ಮನೆತನದ ವಿವರ, ರಕ್ತ ಎಲ್ಲ ಕಾಯ್ದಿಟ್ಟಿದ್ದರಿಂದಲೇ 1990ರಲ್ಲಿ ಬಾಸ್ಟನ್ನಿನ ಡಾ. ತ್ಯಾಡಿಯಸ್ ಡ್ರೈಜಾ ಅವರ ತಂಡ ಈ ರೋಗ ತರುವ ಒಂದು ವಂಶವಾಹಿಯ ದೋಷವನ್ನು ಮೊದಲ ಸಲ ಹಿಡಿಯಿತು. ಇಂದು ಆರ್.ಪಿ. ತರುವ 80ಕ್ಕೂ ಹೆಚ್ಚು ವಂಶವಾಹಿಗಳು ಗೊತ್ತಾಗಿವೆ.

1993ರಲ್ಲಿ ಬರ್ಸನ್‌ರು ಇನ್ನೊಂದು ಫಲಿತಾಂಶ ಹೊರಗಿಟ್ಟರು. 601 ರೋಗಿಗಳಿಗೆ ವರ್ಷಗಟ್ಟಲೆ ಎ ಮತ್ತು ಇ ಜೀವಸತ್ವ ಕೊಟ್ಟು ನೋಡಿದ್ದರು. ಎ ಜೀವಸತ್ವದಿಂದ ರೋಗ ತುಸು ನಿಧಾನವಾಗುತ್ತದೆ, ಇ ಜೀವಸತ್ವದಿಂದ ಕೇಡೇ ಆಗಬಹುದು ಎಂದು ಅದು ಹೇಳಿತು. ಜಗತ್ತಿನಾದ್ಯಂತ ವೈದ್ಯರು ಎ ಜೀವಸತ್ವ ಬರೆಯತೊಡಗಿದರು. ಬರ್ಸನ್‌ರು 2017ರಲ್ಲಿ ತೀರಿಕೊಂಡರು. 2023ರಲ್ಲಿ ಅವರ ಸಂಸ್ಥೆಯವರೇ ಹಳೆಯ ಲೆಕ್ಕವನ್ನು ರೋಗಿಗಳ ವಂಶವಾಹಿಯ ಜೊತೆ ಇಟ್ಟು ಮತ್ತೆ ತೂಗಿದಾಗ, ಎ ಜೀವಸತ್ವದಿಂದ ಲಾಭ ಕಾಣಲಿಲ್ಲ. ಇದು ಅವರಿಗೆ ಅಗೌರವವೆಂದು ತಿಳಿಯಬೇಡಿ. ಮುಂದಿನವರು ತಿದ್ದಲು ಬರುವಷ್ಟು ನಿಚ್ಚಳವಾಗಿ ಲೆಕ್ಕ ಬರೆದಿಟ್ಟವರು ಅವರೇ. ನೀವು ನೆನಪಿಡಬೇಕಾದದ್ದು ಇಷ್ಟು: ಯಾರೋ ಹೇಳಿದರೆಂದು ಅಂಗಡಿಯಿಂದ ಜೀವಸತ್ವದ ಗುಳಿಗೆ ತಂದು ನುಂಗಬೇಡಿ. ಎ ಜೀವಸತ್ವ ಹೆಚ್ಚಾದರೆ ಯಕೃತ್ತಿಗೆ ಕೇಡು, ಗರ್ಭಿಣಿಯರಿಗೆ ಕೂಸಿನ ಕೇಡು. ಅಕ್ಷಿಪಟಲದ ಕೆಲವು ರೋಗಗಳಲ್ಲಿ ಅದು ಕಣ್ಣಿಗೇ ಕೇಡು.

ಕತ್ತಲಿನಿಂದ ಒಂದು ದಾರಿ

ಅಮೆರಿಕದ ಫಿಲಡೆಲ್ಫಿಯಾದಲ್ಲಿ ದಂಪತಿಗಳಿಬ್ಬರು ವೈದ್ಯರು. ಹೆಂಡತಿ ಜೀನ್ ಬೆನೆಟ್ ವಂಶವಾಹಿಯ ವಿಜ್ಞಾನಿ, ಗಂಡ ಆಲ್ಬರ್ಟ್ ಮ್ಯಾಗ್ವಾಯರ್ ಅಕ್ಷಿಪಟಲದ ಶಸ್ತ್ರಚಿಕಿತ್ಸಕ. ಕೆಟ್ಟ ವಂಶವಾಹಿಯ ಬದಲು ಸರಿಯಾದುದನ್ನು ಕಣ್ಣೊಳಗೆ ಸೇರಿಸಬಹುದೇ ಎಂದು ಓದುವ ಕಾಲದಿಂದಲೇ ಯೋಚಿಸುತ್ತಿದ್ದರು. ಆರ್‌ಪಿಇ65 ಎಂಬ ವಂಶವಾಹಿ ಕೆಟ್ಟ ಮಕ್ಕಳಿಗೆ ಹುಟ್ಟಿನಿಂದಲೇ ನೋಟ ಬಹಳ ಕಡಿಮೆ. ಇದೇ ದೋಷದಿಂದ ಕಣ್ಣು ಕಾಣದೆ ಹುಟ್ಟಿದ ನಾಯಿಗಳಿಗೆ ಅವರ ತಂಡ ಚಿಕಿತ್ಸೆ ಮಾಡಿತು. ಹಾನಿ ಮಾಡದ ಒಂದು ವೈರಾಣುವಿನ ಬೆನ್ನ ಮೇಲೆ ಸರಿಯಾದ ವಂಶವಾಹಿ ಹೊರಿಸಿ ಅಕ್ಷಿಪಟಲದ ಅಡಿಗೆ ಬಿಟ್ಟರು. ನಾಯಿಗಳು ನೋಡತೊಡಗಿದವು. ಆ ವರದಿ 2001ರಲ್ಲಿ ಬಂತು. 2007ರಲ್ಲಿ ಮನುಷ್ಯರ ಮೇಲೆ ಪ್ರಯೋಗ ಶುರುವಾಯಿತು. ಮಬ್ಬು ಬೆಳಕಿನ ಕೋಣೆಯಲ್ಲಿ ಅಡೆತಡೆ ಇಟ್ಟ ದಾರಿಯಲ್ಲಿ ಮುಂಚೆ ಎಡವುತ್ತಿದ್ದವರು ಚಿಕಿತ್ಸೆಯ ನಂತರ ಎಡವದೆ ನಡೆದರು. 2017ರ ಡಿಸೆಂಬರ್ 19ರಂದು ಅಮೆರಿಕದ ಸರ್ಕಾರ ಇದನ್ನು ಔಷಧವೆಂದು ಒಪ್ಪಿತು. ಆನುವಂಶಿಕ ಕಣ್ಣಿನ ರೋಗಕ್ಕೆ ಬಂದ ಮೊದಲ ವಂಶವಾಹಿ ಚಿಕಿತ್ಸೆ ಅದು.

ಇಲ್ಲಿ ಎರಡು ಎಚ್ಚರದ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಒಂದು, ಅದರ ಬೆಲೆ. ಎರಡು ಕಣ್ಣಿಗೆ 8 ಲಕ್ಷ 50 ಸಾವಿರ ಡಾಲರ್, ಅಂದರೆ ಆಗಿನ ಲೆಕ್ಕದಲ್ಲೇ ಐದು ಕೋಟಿ ರೂಪಾಯಿಗೂ ಮಿಕ್ಕು. ಎರಡು, ಅದು ಆ ಒಂದೇ ವಂಶವಾಹಿ ಕೆಟ್ಟವರಿಗೆ ಮಾತ್ರ. ಉಳಿದವರಿಗೆ ಅದರಿಂದ ಏನೂ ಆಗದು. ಆದರೆ ಇತರ ವಂಶವಾಹಿಗಳ ಮೇಲೂ ಈಗ ಪ್ರಯೋಗಗಳು ನಡೆದಿವೆ. ನಾಳೆ ನಿಮ್ಮ ಮನೆಯ ರೋಗಕ್ಕೆ ಔಷಧ ಬಂದರೆ ವೈದ್ಯರು ಮೊದಲು ಕೇಳುವ ಪ್ರಶ್ನೆ, "ನಿಮ್ಮದು ಯಾವ ವಂಶವಾಹಿ?" ಎಂಬುದು. ಅದಕ್ಕೆ ಉತ್ತರ ಇಂದೇ ತಿಳಿದುಕೊಂಡು, ಕಾಗದವನ್ನು ಜೋಪಾನವಾಗಿ ಇಟ್ಟಿರಬೇಕು.

ನಮ್ಮ ಹತ್ತಿರದ ಬಾಗಿಲುಗಳು

ಈ ವಿದ್ಯೆ ಸಮುದ್ರದಾಚೆ ಮಾತ್ರ ಇದೆ ಎಂದು ತಿಳಿಯಬೇಡಿ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಿಂದ ಬಡವರ ಕಣ್ಣು ನೋಡುತ್ತಿದೆ. 1982ರಲ್ಲಿ ಡಾ. ಕೆ. ಭುಜಂಗ ಶೆಟ್ಟಿಯವರು ಬೆಂಗಳೂರಿನಲ್ಲಿ ನಾರಾಯಣ ನೇತ್ರಾಲಯ ಕಟ್ಟಿದರು. ಅಲ್ಲಿ ಕಣ್ಣಿನ ವಂಶವಾಹಿಗಳ ಸಂಶೋಧನೆಯೂ ಬೆಳೆಯಿತು. ಶೆಟ್ಟಿಯವರು 2023ರಲ್ಲಿ ತೀರಿಕೊಂಡರು. ಚೆನ್ನೈನ ಶಂಕರ ನೇತ್ರಾಲಯ, ಮದುರೆಯ ಅರವಿಂದ ಕಣ್ಣಾಸ್ಪತ್ರೆ, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ಇವೆಲ್ಲ ನಮ್ಮ ಜನರ ಮನೆತನಗಳಲ್ಲಿ ಯಾವ ದೋಷ ಇದೆ ಎಂದು ವರ್ಷಗಳಿಂದ ಹುಡುಕುತ್ತಿವೆ.

ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರ ಕೆಲಸ ನಮ್ಮಂಥ ಹಳ್ಳಿಗರಿಗೆ ಇನ್ನೊಂದು ದಾರಿ ತೋರಿದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಅಕ್ಷಿಪಟಲದ ಬೇರೊಂದು ರೋಗ ಬರುತ್ತದೆ. ಅದು ವಂಶದಿಂದ ಬರುವಂಥದಲ್ಲ. ಅದನ್ನು ನೋಡಲು 2008ರಿಂದ ತರಬೇತಾದ ಸಿಬ್ಬಂದಿ ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆಯ ಆಸ್ಪತ್ರೆಗೆ ಹೋಗಿ ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ಬೆಂಗಳೂರಿನಲ್ಲೇ ಕುಳಿತು ಅದನ್ನು ನೋಡಿ ಹೇಳುತ್ತಾರೆ. ವೈದ್ಯರು ದೂರದಲ್ಲಿದ್ದರೂ ಕಣ್ಣಿನ ಚಿತ್ರ ಅವರ ಬಳಿ ಹೋಗಬಲ್ಲದು ಎಂಬುದು ಇದರಿಂದ ಸಿದ್ಧವಾಯಿತು. ಆದ್ದರಿಂದ "ಬೆಂಗಳೂರಿಗೆ ಹೋಗೂ ತಾಕತ್ತಿಲ್ರಿ" ಎಂದು ಮನೆಯಲ್ಲಿ ಕೂಡಬೇಡಿ. ಮೊದಲು ಶಿಬಿರಕ್ಕೆ ಬನ್ನಿ, ಹಾವೇರಿ ಇಲ್ಲವೆ ಹುಬ್ಬಳ್ಳಿಯಲ್ಲಿ ತೋರಿಸಿ. ಬೇಕಾದರೆ ಮಾತ್ರ ಮುಂದಿನ ಊರು.

ಹೆಳವರ ಹೊತ್ತಿಗೆ, ವೈದ್ಯರ ನಕ್ಷೆ

ಇಂಥ ವೈದ್ಯರು ಮೊದಲು ಮಾಡುವ ಕೆಲಸ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಕಣ್ಣಿಗೆ ಬೆಳಕು ಹಾಕುವ ಮೊದಲು ಒಂದು ಹಾಳೆ ತೆಗೆದು ನಿಮ್ಮ ವಂಶಾವಳಿ ಬರೆಯುತ್ತಾರೆ.

ಇದು ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು ಬಂದು ಮನೆಯ ಮುಂದೆ ನಿಂತು ಮುತ್ತಜ್ಜ, ಅಜ್ಜ, ಅವರ ಮೂಲ ಊರು, ಮಕ್ಕಳು ಮರಿ ಎಲ್ಲ ಹೇಳಿ, ಕಾಳುಕಡಿ ಪಡೆದು ಹೋಗುತ್ತಿದ್ದರು. ಈ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯ ಇದೆ. ಅಲ್ಲಿನ ವಿದ್ಯಾರ್ಥಿಗಳಿಗೆ ಆ ವಿದ್ಯೆಯ ಬೆಲೆ ನಾನು ಹೇಳಬೇಕಾಗಿಲ್ಲ. ಕಣ್ಣಿನ ವೈದ್ಯರೂ ಒಂದು ಬಗೆಯಲ್ಲಿ ಹೆಳವರೇ. ಗಂಡಸಿಗೆ ಚೌಕ, ಹೆಂಗಸಿಗೆ ಸುತ್ತು. ಕಣ್ಣು ಕಾಣದವರ ಗುರುತಿಗೆ ಮಸಿ ತುಂಬುತ್ತಾರೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಗಂಡ ಹೆಂಡತಿಯ ನಡುವೆ ಜೋಡಿ ಗೆರೆ. ಒಂದು ವ್ಯತ್ಯಾಸ ಇದೆ. ಹೆಳವರ ಹೊತ್ತಿಗೆ ಹೆಚ್ಚಾಗಿ ಗಂಡುಮಕ್ಕಳ ಹಿಂದೆ ಹೋಗುತ್ತದೆ. ವೈದ್ಯರ ನಕ್ಷೆಗೆ ಕೊಟ್ಟ ಹೆಣ್ಣುಮಕ್ಕಳೂ ಬೇಕು, ಅವರ ಮಕ್ಕಳೂ ಬೇಕು, ಎಳವೆಯಲ್ಲಿ ತೀರಿದ ಕೂಸೂ ಬೇಕು. ಒಬ್ಬರನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ.

ನಕ್ಷೆ ಬರೆದಾಗ ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದು ಕಾಣುತ್ತದೆ.

1. ತಂದೆ ಅಥವಾ ತಾಯಿಗೆ ರೋಗ ಇದ್ದು ಮಕ್ಕಳಿಗೆ ನೇರವಾಗಿ ಬರುವುದು. ಇಲ್ಲಿ ಪ್ರತಿ ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು.

2. ತಂದೆ ತಾಯಿ ಇಬ್ಬರ ಕಣ್ಣೂ ಚೆನ್ನಾಗಿದ್ದು, ಇಬ್ಬರಲ್ಲೂ ಒಂದೇ ದೋಷ ಮುಚ್ಚಿಕೊಂಡಿರುವುದು. ಎರಡೂ ಕೂಡಿ ಬಂದ ಮಗುವಿಗೆ ಮಾತ್ರ ರೋಗ. ಪ್ರತಿ ಬಸಿರಿನಲ್ಲೂ ಸಂಭವ ನಾಲ್ಕರಲ್ಲಿ ಒಂದು.

3. ತಾಯಿಯಲ್ಲಿ ಮುಚ್ಚಿದ್ದು ಗಂಡುಮಕ್ಕಳಲ್ಲಿ ಹೊರಬೀಳುವುದು. ಪ್ರತಿ ಗಂಡುಮಗುವಿಗೆ ಸಂಭವ ಎರಡರಲ್ಲಿ ಒಂದು. ಈ ಬಗೆಯ ರೋಗ ತಂದೆಯಿಂದ ಮಗನಿಗೆ ಹೋಗುವುದಿಲ್ಲ.

ಎರಡನೆಯ ದಾರಿ ನಮ್ಮ ಕಡೆ ಮುಖ್ಯ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳಲ್ಲಿ ಕಾಲುಭಾಗ ಒಂದೇ. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟನೆಯ ಒಂದು ಭಾಗ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಸಾವಿರಾರು ಬಾಣಂತಿಯರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ದಂಪತಿ ರಕ್ತಸಂಬಂಧಿಗಳಾಗಿದ್ದರು. ಸಂಬಂಧದಲ್ಲಿ ಮದುವೆಯಾದವರ ಮಕ್ಕಳೆಲ್ಲ ರೋಗಿಗಳಾಗುತ್ತಾರೆ ಎಂದಲ್ಲ. ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಆಗಲೇ ಒಬ್ಬರಿಗೆ ಇಂಥ ರೋಗ ಕಂಡಿದ್ದರೆ, ಅದೇ ಬಳ್ಳಿಯಲ್ಲಿ ಮತ್ತೆ ಗಂಟು ಹಾಕುವ ಮೊದಲು ವೈದ್ಯರನ್ನು ಕೇಳಬೇಕು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನವರು ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ನಾಡಿಗೆ ಬೆಳಕಾದರು. ಅವರಿಗೂ ಕಣ್ಣಿಲ್ಲ, ಅವರ ಅಣ್ಣನವರಿಗೂ ಕಣ್ಣಿಲ್ಲ. ಅವರಿಗೆ ಯಾವ ರೋಗವಿತ್ತೆಂದು ನಾನು ಹೇಳಹೊರಟಿಲ್ಲ. ಒಂದೇ ಮನೆಯಲ್ಲಿ ಅಣ್ಣ ತಮ್ಮ ಇಬ್ಬರಿಗೂ ನೋಟವಿಲ್ಲ ಎಂದರೆ ಇಂದಿನ ವೈದ್ಯರು ಕೂಡಲೇ ಹಾಳೆ ಪೆನ್ನು ತೆಗೆಯುತ್ತಾರೆ ಎಂಬುದಷ್ಟೇ ನನ್ನ ಮಾತು. ಆ ಕಾಲದಲ್ಲಿ ಅದಿರಲಿಲ್ಲ. ಇದ್ದದ್ದು ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಕರುಣೆ. ಅವರು ಆ ಬಾಲಕರನ್ನು ಕರೆತಂದು ಸಂಗೀತ ಕಲಿಸಿದರು. ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ, ಎಳವೆಯಲ್ಲೇ ಕಣ್ಣು ಕಳೆದುಕೊಂಡ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಸಾವಿರಾರು ಮಕ್ಕಳಿಗೆ ವಿದ್ಯೆ ಕೊಟ್ಟರು. ಕಣ್ಣು ಹೋದರೆ ಬಾಳು ಹೋಯಿತು ಎನ್ನುವವರಿಗೆ ನಮ್ಮ ನೆಲವೇ ಉತ್ತರ ಹೇಳಿದೆ.

ಮುಚ್ಚಿಟ್ಟರೆ ಯಾರಿಗೆ ನಷ್ಟ?

ಒಂದು ಮನೆ ಅಂತ ಇಟ್ಟುಕೊಳ್ಳಿ. ದೊಡ್ಡ ಮಗನಿಗೆ ಇಪ್ಪತ್ತನಾಲ್ಕು. ಹಗಲು ಟ್ರ್ಯಾಕ್ಟರ್ ಹೊಡೆಯುತ್ತಾನೆ, ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತಾನೆ. ಸಂಜೆ ಕಟ್ಟೆಯ ಮೇಲೆ ಎಡವಿದರೆ ಜನ "ಕುಡದಾನೇನು?" ಎನ್ನುತ್ತಾರೆ. ತಂಗಿಗೆ ಹತ್ತೊಂಬತ್ತು. ಸೋದರಮಾವನಿಗೇ ಕೊಡುವುದೆಂದು ಮಾತಾಗಿದೆ. ತಂದೆ ಮಗನನ್ನು ಶಿಬಿರಕ್ಕೆ ಕರೆತಂದು ಮೆಲ್ಲಗೆ ಹೇಳುತ್ತಾನೆ: "ಮನೀ ವಿಚಾರ ಬ್ಯಾಡ್ರಿ ಡಾಕ್ಟರ್, ಕಣ್ಣಿಗಷ್ಟ ಔಷಧ ಕೊಡ್ರಿ. ಊರಾಗ ಗೊತ್ತಾದ್ರ ಹುಡುಗೀ ಮದುವಿ ನಿಲ್ತೈತ್ರಿ."

ಆ ತಂದೆಯ ಸಂಕಟ ಸುಳ್ಳಲ್ಲ. ಆದರೆ ಲೆಕ್ಕ ನೋಡಿ. ಮಗನಿಗೆ ಎರಡನೆಯ ದಾರಿಯಿಂದ ರೋಗ ಬಂದಿದ್ದರೆ ತಾಯಿಯಲ್ಲಿ ಮುಚ್ಚಿದ ದೋಷ ಇದ್ದೇ ಇದೆ. ಅವಳ ತಮ್ಮನಲ್ಲೂ ಅದೇ ದೋಷ ಇರುವ ಸಂಭವ ಹೆಚ್ಚುಕಡಿಮೆ ಅರ್ಧದಷ್ಟು. ತಂಗಿಯಲ್ಲೂ ಇರಬಹುದು. ಅವರಿಬ್ಬರೂ ಮದುವೆಯಾದರೆ ಅವರ ಮಗುವಿಗೂ ಅದೇ ಕತ್ತಲು ಬರುವ ಭಯ. ಅದೇ ಹುಡುಗಿಯನ್ನು ರಕ್ತಸಂಬಂಧವಿಲ್ಲದ, ಈ ರೋಗ ಕಾಣದ ಮನೆಗೆ ಕೊಟ್ಟರೆ ಆ ಭಯ ಬಹಳ ಕಡಿಮೆಯಾಗುತ್ತದೆ. ಸತ್ಯ ತಿಳಿದರೆ ಆ ಹುಡುಗಿಗೆ ಮದುವೆಯ ದಾರಿ ಮುಚ್ಚುವುದಿಲ್ಲ, ಸುರಕ್ಷಿತ ದಾರಿ ಯಾವುದೆಂದು ಕಾಣುತ್ತದೆ. ರಕ್ತ ಪರೀಕ್ಷೆಯಿಂದ ಮಾವನಲ್ಲಿ ದೋಷವಿಲ್ಲ ಎಂದು ಗೊತ್ತಾದರೆ ಆ ಚಿಂತೆಯೂ ಬಹುಮಟ್ಟಿಗೆ ಕಳೆಯಿತು. ನೀವು ಹೇಳಿದ ಮನೆಯ ಮಾತನ್ನು ವೈದ್ಯರು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ. ಅದು ಅವರ ಧರ್ಮ.

ಇನ್ನೊಂದು ಮಾತನ್ನು ಅತ್ತೆ ಮಾವಂದಿರಿಗೆ ಕೈಮುಗಿದು ಹೇಳುತ್ತೇನೆ. ಕುರುಡು ಮಗು ಹುಟ್ಟಿತೆಂದು ಸೊಸೆಯನ್ನು ಹಳಿಯಬೇಡಿ. ಎರಡನೆಯ ದಾರಿಯಲ್ಲಿ ದೋಷ ಇಬ್ಬರಿಂದಲೂ ಬಂದಿದೆ. ಮೂರನೆಯ ದಾರಿಯಲ್ಲಿ ತಾಯಿ ಹೊತ್ತು ತಂದದ್ದು ಅವಳು ಬೇಡಿ ಪಡೆದದ್ದಲ್ಲ. ನಿಮ್ಮ ಪಾಪ, ಅವರ ಶಾಪ, ಗ್ರಹಣದ ನೆರಳು ಯಾವುದೂ ಇಲ್ಲಿ ಇಲ್ಲ.

ಔಷಧವಿಲ್ಲದಿದ್ದರೂ ಸಿಗುವ ನೆರವು

- ಆರ್.ಪಿ. ಇದ್ದವರಿಗೆ ಪೊರೆಯೂ ಬೇಗ ಬರುತ್ತದೆ. ಅದನ್ನು ತೆಗೆದರೆ ಉಳಿದ ನೋಟ ಎಷ್ಟೋ ಸುಧಾರಿಸಬಹುದು. ಪರದೆಯ ನಡುವೆ ನೀರು ತುಂಬಿದರೆ ಅದಕ್ಕೂ ಔಷಧ ಇದೆ. ಅದಕ್ಕೆಂದೇ ವರ್ಷಕ್ಕೊಮ್ಮೆ ತೋರಿಸಬೇಕು.

- ನೋಟ ಕಡಿಮೆಯಾದವರಿಗೆ ದೊಡ್ಡದಾಗಿ ಕಾಣಿಸುವ ಗಾಜು, ಮೊಬೈಲಿನಲ್ಲಿ ಓದಿ ಹೇಳುವ ಸೌಲಭ್ಯ, ಬಿಳಿ ಕೋಲಿನ ತರಬೇತಿ ಇವೆ. ನಾಚಿಕೆ ಬೇಡ.

- ಮನೆಯಲ್ಲಿ ಮೆಟ್ಟಿಲ ಅಂಚಿಗೆ ಬಿಳಿ ಬಣ್ಣ ಬಳಿಯಿರಿ. ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಇರುಳೆಲ್ಲ ಒಂದು ದೀಪ ಇರಲಿ. ಕೊಡ, ಸಲಿಕೆ, ಗುದ್ದಲಿ ನಡೆಯುವ ದಾರಿಯಲ್ಲಿ ಇಡಬೇಡಿ.

- ಇರುಳು ಬೈಕು, ಟ್ರ್ಯಾಕ್ಟರ್ ಹೊಡೆಯಬೇಡಿ. ಬದಿಯ ನೋಟ ಹೋದವರು ಹಗಲೂ ಹೊಡೆಯಬಾರದು. ಬೀಡಿ ಸಿಗರೇಟು ಬಿಡಿ.

- ಶಾಲೆಯಲ್ಲಿ ಮಗುವನ್ನು ಮುಂದಿನ ಸಾಲಿನಲ್ಲಿ, ಬೆಳಕಿರುವ ಕಡೆ ಕೂರಿಸಲು ಗುರುಗಳಿಗೆ ಹೇಳಿ. ದಡ್ಡನೆಂದು ಶಾಲೆ ಬಿಡಿಸಬೇಡಿ.

- 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅಕ್ಷರ ಓದುವ ಶಕ್ತಿಯೊಂದನ್ನೇ ನೋಡುವುದಿಲ್ಲ, ನೋಟದ ಅಗಲವನ್ನೂ ನೋಡುತ್ತಾರೆ. ನೋಟದ ಅಗಲ 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ ಎಂದು ಕಾಯ್ದೆ ಹೇಳುತ್ತದೆ. "ನೀನು ಓದತೀಯಲ್ಲ" ಎಂದು ಯಾರಾದರೂ ತಿರುಗಿ ಕಳಿಸಿದರೆ, ದೃಷ್ಟಿವ್ಯಾಪ್ತಿಯ ಪರೀಕ್ಷೆ ಮಾಡಿಸಿರಿ ಎಂದು ಕೇಳಿ. ಆ ವರದಿಯ ಮೇಲೆ ಗುರುತಿನ ಚೀಟಿ ಪಡೆಯುವುದು ನಿಮ್ಮ ಹಕ್ಕು.

- ಲಕ್ಷಗಟ್ಟಲೆ ಹಣ ತೆಗೆದುಕೊಂಡು ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ನೋಟ ತರುತ್ತೇವೆ ಎನ್ನುವವರನ್ನು ನಂಬಬೇಡಿ. ನಮ್ಮ ದೇಶದಲ್ಲಿ ಈ ರೋಗಕ್ಕೆ ಅದು ಒಪ್ಪಿತ ಚಿಕಿತ್ಸೆಯಲ್ಲ. ನಿಜವಾದ ಪ್ರಯೋಗದಲ್ಲಿ ಔಷಧಕ್ಕೆ ರೋಗಿಯಿಂದ ಹಣ ಕೇಳುವುದಿಲ್ಲ. ಹೊಲ ಮಾರಿ ಮೋಸ ಹೋಗಬೇಡಿ.

ಓದುವ ಮಕ್ಕಳಿಗೆ

ಇಲ್ಲಿ ವಿಜ್ಞಾನ ಓದುವ ಹುಡುಗ ಹುಡುಗಿಯರೂ ಇದ್ದೀರಿ. ಈ ದಾರಿ ಉದ್ದವಾದದ್ದು. ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಕಣ್ಣಿನ ವಿಷಯದಲ್ಲಿ ಎಂ.ಎಸ್.ಗೆ ಮೂರು ವರ್ಷ, ಆಮೇಲೆ ಅಕ್ಷಿಪಟಲದ ವಿಶೇಷ ತರಬೇತಿ, ಅದರ ಮೇಲೆ ವಂಶವಾಹಿಯ ವಿದ್ಯೆ. ಪೊರೆಯ ವೈದ್ಯರಿಗೆ ಸಿಗುವ ಮರುದಿನದ ಸಂತೋಷ ಇಲ್ಲಿ ಸಿಗುವುದಿಲ್ಲ. ಆದರೆ ಒಂದು ಮನೆತನದ ಮೂರು ತಲೆಮಾರು ನಿಮ್ಮನ್ನು ನಂಬಿ ಬರುತ್ತದೆ. ಅಜ್ಜನಿಗೆ "ಇಲ್ಲ" ಎಂದ ನೀವೇ ಮೊಮ್ಮಗನಿಗೆ "ಈಗ ಇದೆ" ಎಂದು ಹೇಳುವ ದಿನ ಬರಬಹುದು. ವೈದ್ಯರೇ ಆಗಬೇಕೆಂದಿಲ್ಲ. ಕಣ್ಣಿನ ಪರೀಕ್ಷಕರು, ಪ್ರಯೋಗಶಾಲೆಯವರು, ಕನ್ನಡದಲ್ಲಿ ಮನೆಯವರಿಗೆ ತಿಳಿಸಿ ಹೇಳುವ ಆಪ್ತಸಲಹೆಗಾರರು, ಎಲ್ಲರೂ ಬೇಕು. ನಮ್ಮ ಭಾಗದ ಮಾತು ಬಲ್ಲವರು ಈ ಕೆಲಸಕ್ಕೆ ಬಂದರೆ ನಮ್ಮ ಹೆಣ್ಣುಮಕ್ಕಳು ಬಾಯಿ ಬಿಟ್ಟು ಮನೆಯ ಸುದ್ದಿ ಹೇಳುತ್ತಾರೆ.

ಕೊನೆಯದಾಗಿ ಒಂದೇ ಕೋರಿಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇರುಳು ಕಾಣದಿದ್ದರೆ ಮುಂದಿನ ಶಿಬಿರಕ್ಕೆ ಒಬ್ಬರೇ ಬರಬೇಡಿ. ಒಡಹುಟ್ಟಿದವರನ್ನು ಕರೆತನ್ನಿ. ಕೊಟ್ಟ ಅಕ್ಕ ತಂಗಿಯರಿಗೆ ಹೇಳಿ ಕಳಿಸಿ. ಹಳೆಯ ಚೀಟಿ, ಕಾಗದ ಇದ್ದರೆ ಚೀಲದಲ್ಲಿ ಹಾಕಿಕೊಳ್ಳಿ. ಮನೆಯ ಹಿರಿಯ ಅಜ್ಜಿಯನ್ನು ಕೇಳಿ ಮೂರು ತಲೆಮಾರಿನ ಹೆಸರು ಬರೆದು ತನ್ನಿ. ಉಳಿದ ಗೆರೆಗಳನ್ನು ನಾವು ಎಳೆಯುತ್ತೇವೆ.